ಎಚ್‌ಪಿವಿ ಡಿಎನ್‌ಎ ಟೆಸ್ಟ್: ಟೆಸ್ಟ್ ಚೆನ್ನಾಗಿದೆ, ರಿಪೋರ್ಟ್ ಸಾಲದು

ದಾವಣಗೆರೆಯ ಒಂದು ಖಾಸಗಿ ಲ್ಯಾಬ್‌ನಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆಂದು ಈ ಟೆಸ್ಟ್ ಮಾಡಿಸಿದೆ. ಆ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ಎಂಬ ವೈರಸ್ ಇದೆಯೇ ಎಂದು ಇದು ನೋಡುತ್ತದೆ. ಎರಡು ಸಾವಿರ ರೂಪಾಯಿ ದಾಟಿತು. ಗರ್ಭಕಂಠದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಟೆಸ್ಟಿಗಿಂತ ದುಬಾರಿ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸ್ಯಾಂಪಲ್ ತೆಗೆದ ನರ್ಸ್‌ಗೆ ಪೂರ್ತಿ ಅಂಕ. "ಮೈ ಸಡಿಲ ಬಿಡಿ ಮೇಡಂ, ನೋವಾದ್ರೆ ಹೇಳಿ, ನಿಲ್ಲಿಸ್ತೀನಿ" ಎಂದರು. ಒಂದು ಸಣ್ಣ ಬ್ರಷ್, ಸ್ವಲ್ಪ ಒತ್ತಿದಂತೆ ಅನಿಸಿತು, ಅಷ್ಟೇ. ಕೌಂಟರ್‌ನಲ್ಲಿ ಮಾತ್ರ ಎಲ್ಲರೆದುರು ಜೋರಾಗಿ "ಯಾಕೆ, ಏನು ತೊಂದರೆ?" ಎಂದು ಕೇಳಿದರು. ಇದು ತಪ್ಪು. ಇಂಥ ಮುಜುಗರಕ್ಕೇ ಎಷ್ಟೋ ಹೆಂಗಸರು ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ.

ರಿಪೋರ್ಟ್ ಮೊಬೈಲ್‌ಗೇ ಬಂತು. 16 ಇಲ್ಲ, 18 ಇಲ್ಲ, ಅಪಾಯದ ಉಳಿದ 12 ಬಗೆಗಳೂ ಇಲ್ಲ. ಸಮಾಧಾನವಾಯಿತು. ಆದರೆ ಆ ಅಂಕಿಗಳು ಏನೆಂದು ಒಂದು ಸಾಲೂ ಇಲ್ಲ! ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು, ನನಗೆ ಗೊತ್ತು. ಉಳಿದವರು ಯಾರನ್ನು ಕೇಳಬೇಕು?

ವಿಷಯ ಇಷ್ಟು. ಎಚ್‌ಪಿವಿಯಲ್ಲಿ ಹಲವು ಬಗೆಗಳಿವೆ, 16, 18 ಎಂಬುವು ಆ ಬಗೆಗಳ ನಂಬರ್. ನಮ್ಮ ಜೀವಕೋಶ ಅಡ್ಡಾದಿಡ್ಡಿ ಬೆಳೆಯದಂತೆ ತಡೆಯುವ ಬ್ರೇಕಿನಂಥ ಜೀನ್‌ಗಳು ನಮ್ಮಲ್ಲೇ ಇವೆ. ಪಿ53 ಮತ್ತು ಆರ್‌ಬಿ ಅವುಗಳಲ್ಲಿ ಮುಖ್ಯವಾದವು. ಎಚ್‌ಪಿವಿ ವೈರಸ್‌ನ ಇ6 ಎಂಬ ಜೀನ್‌ನಿಂದ ತಯಾರಾಗುವ ಪ್ರೋಟೀನ್, ಪಿ53 ಪ್ರೋಟೀನನ್ನು ನಾಶ ಮಾಡಿಸುತ್ತದೆ. ಇ7 ಪ್ರೋಟೀನ್ ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಈ ಕ್ಯಾನ್ಸರ್‌ನಲ್ಲಿ ಸುಮಾರು 70% ಬರುವುದು 16 ಮತ್ತು 18ರಿಂದಲೇ.

ವೈರಸ್‌ನಲ್ಲೇ ಇ2 ಎಂಬ ಇನ್ನೊಂದು ಜೀನ್ ಇದೆ, ಅದು ಇ6, ಇ7 ಎರಡನ್ನೂ ಅಂಕೆಯಲ್ಲಿಡುತ್ತದೆ. ವೈರಸ್ ನಮ್ಮ ಡಿಎನ್‌ಎ ಒಳಗೆ ಸೇರಿಕೊಳ್ಳುವಾಗ ಅನೇಕ ಸಲ ಈ ಇ2 ಮುರಿದುಹೋಗುತ್ತದೆ, ಆಗ ಇ6, ಇ7ಗೆ ಅಂಕೆಯೇ ಇರುವುದಿಲ್ಲ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯನ್ನು ಕೇಳದೆಯೇ ಅವರ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಹೀಲಾ ಕೋಶಗಳು ಇಂದಿಗೂ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿರುವುದು ಎಚ್‌ಪಿವಿ 18. ವಿಜ್ಞಾನಿಗಳು ಆ ಕೋಶಗಳಿಗೆ ಇ2 ಜೀನ್ ಹಾಕಿದಾಗ ಇ6, ಇ7 ಸುಮ್ಮನಾದವು. ಪಿ53, ಆರ್‌ಬಿ ಮತ್ತೆ ಕೆಲಸ ಶುರುಮಾಡಿದವು. ಕೋಶಗಳು ಒಂದು ಎರಡಾಗಿ ಹೆಚ್ಚುವುದು ನಿಂತಿತು. ನಮ್ಮ ಜೀನ್ ಕೆಟ್ಟಿರಲಿಲ್ಲ, ವೈರಸ್ ಅದರ ಕೈ ಕಟ್ಟಿತ್ತು ಅಷ್ಟೇ, ಅಲ್ವಾ? ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ರೋಮಾಂಚನ.

ಹೀಗೆ ಇ2 ಹಾಕುವುದು ಇನ್ನೂ ಚಿಕಿತ್ಸೆಯಾಗಿ ನಮ್ಮ ಕೈಗೆ ಬಂದಿಲ್ಲ. ಹಾಗಾಗಿ ವೈರಸ್ ಇದೆಯೇ ಎಂದು ಮೊದಲೇ ನೋಡಿಸಿಕೊಳ್ಳುವುದು ಜಾಣತನ. ಪಾಸಿಟಿವ್ ಬಂದರೂ ಅದು ಕ್ಯಾನ್ಸರ್ ಎಂದಲ್ಲ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ವೈರಸ್ ತಾನಾಗಿ ಹೋಗುತ್ತದೆ. ಆದರೆ ಡಾಕ್ಟರ್ ಹೇಳಿದ ಮುಂದಿನ ತಪಾಸಣೆ ತಪ್ಪಿಸಬೇಡಿ.

30 ದಾಟಿದ ಅಕ್ಕತಂಗಿಯರು ಮಾಡಿಸಿ. ಬುಕ್ ಮಾಡುವಾಗ 16 ಮತ್ತು 18ನ್ನು ಬೇರೆಬೇರೆಯಾಗಿ ತೋರಿಸುತ್ತೀರಾ ಎಂದು ಕೇಳಿ. ಎಲ್ಲವನ್ನೂ ಸೇರಿಸಿ ಒಂದೇ ಉತ್ತರ ಕೊಡುವ ಟೆಸ್ಟ್‌ಗಳೂ ಇವೆ.