ನಮ್ಮ ಮನೆಯ ಗೋಬರ್ ಗ್ಯಾಸ್: 2009ರಿಂದ ಈವರೆಗಿನ ಬಳಕೆಯ ಅನುಭವ

ಶಿರಸಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ 2009ರ ಬೇಸಿಗೆಯಲ್ಲಿ ಕಟ್ಟಿಸಿದ, ಮೂರು ಘನ ಮೀಟರ್ ಸಾಮರ್ಥ್ಯದ ನೆಲದೊಳಗೆ ಇಟ್ಟಿಗೆಯ ಗುಮ್ಮಟವಿರುವ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಸ್ಥಾವರದ ವಿಮರ್ಶೆ ಇದು. ಅಡುಗೆಮನೆ ಮತ್ತು ಕೊಟ್ಟಿಗೆ ಎರಡರ ಹೊಣೆಯೂ ನನ್ನ ಮೇಲಿರುವುದರಿಂದ ಒಲೆಯ ಉರಿಯನ್ನೂ ಅದರ ಹಿಂದಿನ ಸಗಣಿಯ ಲೆಕ್ಕವನ್ನೂ ಒಟ್ಟಿಗೆ ನೋಡುತ್ತ ಬಂದಿದ್ದೇನೆ. ಪಟ್ಟಣದ ಕೆಲಸ ಬಿಟ್ಟು ಊರಿಗೆ ಮರಳುತ್ತಿರುವ ಕಿರಿಯರು ಇದನ್ನು ಕಟ್ಟಿಸಬಹುದೇ ಎಂದು ಆಗಾಗ ಕೇಳುತ್ತಾರೆ. ಹತ್ತು ವರ್ಷಗಳ ನಂತರವೂ ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ದನಗಳಿರುತ್ತವೆ, ದಿನವೂ ಸಗಣಿ ಕದಡುವವರು ಯಾರು ಎಂದು ನಾನು ಅವರನ್ನು ಮೊದಲು ಕೇಳುತ್ತೇನೆ. ಗುಂಡಿ, ಗುಮ್ಮಟ, ಪೈಪುಗಳೆಲ್ಲ ಆಮೇಲಿನ ಮಾತು.

ನಾನು ಮದುವೆಯಾಗಿ ಬಂದಾಗ ಊರಿನಲ್ಲಿದ್ದವು ಹೆಚ್ಚಾಗಿ ಕಬ್ಬಿಣದ ಡ್ರಮ್ಮು ಏರಿಳಿಯುವ ಸ್ಥಾವರಗಳು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1960ರ ದಶಕದಿಂದ ಪ್ರಚಾರಕ್ಕೆ ತಂದ ಮಾದರಿ ಅದು. ಆ ಡ್ರಮ್ಮಿನಲ್ಲಿ ಗ್ಯಾಸಿನ ಒತ್ತಡ ಸದಾ ಒಂದೇ ಸಮ ಇರುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಮಲೆನಾಡಿನ ಮಳೆಗೆ ಕಬ್ಬಿಣ ಬಾಳುವುದಿಲ್ಲ; ವರ್ಷ ವರ್ಷ ಬಣ್ಣ ಬಳಿದರೂ ಅಂಚು ತುಕ್ಕು ಹಿಡಿದು ತೂತಾಗುವುದನ್ನು ನೆರೆಮನೆಗಳಲ್ಲಿ ಕಂಡಿದ್ದ ಮಾವನವರು, ಆಫ್‌ಪ್ರೋ (AFPRO) ಎಂಬ ಸ್ವಯಂಸೇವಾ ಸಂಸ್ಥೆ 1984ರಲ್ಲಿ ರೂಪಿಸಿದ ದೀನಬಂಧುವೇ ಆಗಲಿ ಎಂದರು. ಇಟ್ಟಿಗೆ, ಸಿಮೆಂಟಿನ ಗುಮ್ಮಟ ನೆಲದೊಳಗೇ ಇರುತ್ತದೆ, ಚಲಿಸುವ ಭಾಗ ಒಂದೂ ಇಲ್ಲ. ಇಷ್ಟು ವರ್ಷಗಳಲ್ಲಿ ಗುಮ್ಮಟದ ಹೊರಮೈಗೆ ನಾವು ಏನನ್ನೂ ಮಾಡಬೇಕಾಗಿ ಬಂದಿಲ್ಲ; ಅದರ ಮೇಲಿನ ಮಣ್ಣಿನಲ್ಲಿ ಹುಲ್ಲು ಬೆಳೆದಿದೆ, ಕರುಗಳು ಅಲ್ಲೇ ಮೇಯುತ್ತವೆ. ಸರ್ಕಾರದ ಸಹಾಯಧನ ನಮ್ಮ ಕೈಸೇರುವಷ್ಟರಲ್ಲಿ ಮುಂದಿನ ಅಡಿಕೆ ಕೊಯ್ಲು ಬಂದಿತ್ತು, ಆದರೆ ಬಂತು.

ಬಳಕೆಯ ವಿಚಾರಕ್ಕೆ ಬರುತ್ತೇನೆ. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು; ಅಷ್ಟು ಗ್ಯಾಸು ಅರ್ಧ ಕಿಲೋಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮ. ಹಾಗಾಗಿ ಮೂರು ಘನ ಮೀಟರಿನ ಗುಂಡಿಗೆ ದಿನಕ್ಕೆ 75 ಕಿಲೋ ಸಗಣಿ ಹಾಕಿದರೆ ಮಾತ್ರ ಅದರ ಪೂರ್ಣ ಪ್ರಯೋಜನ ಸಿಗುತ್ತದೆ. ಕಟ್ಟಿಸಿದ ಹೊಸತರಲ್ಲಿ ಜರ್ಸಿ ಮಿಶ್ರತಳಿಯ ಹಸುಗಳು, ಮಲೆನಾಡು ಗಿಡ್ಡ ಎಂಬ ಸಣ್ಣ ಗಾತ್ರದ ನಾಟಿ ದನಗಳು ಮತ್ತು ಒಂದು ಎಮ್ಮೆ ಸೇರಿ ಕೊಟ್ಟಿಗೆ ತುಂಬಿತ್ತು. ಅತ್ತೆ, ಮಾವ, ನಾವು, ಮೈದುನನ ಸಂಸಾರ, ಮಕ್ಕಳು ಎಂದು ಮನೆಯೂ ತುಂಬಿತ್ತು. ಬೆಳಗಿನ ಕಷಾಯದಿಂದ ರಾತ್ರಿಯ ಹಾಲು ಕಾಯಿಸುವವರೆಗೆ ಎಲ್ಲ ಅಡುಗೆಯೂ ಗೋಬರ್ ಗ್ಯಾಸಿನಲ್ಲೇ ನಡೆಯುತ್ತಿತ್ತು. ಪೇಟೆಯಿಂದ ತಂದಿಟ್ಟ ಸಿಲಿಂಡರು ತಿಂಗಳುಗಟ್ಟಲೆ ಮೂಲೆಯಲ್ಲೇ ಇರುತ್ತಿತ್ತು. ಹೊಗೆಯಿಲ್ಲದ ಅಡುಗೆಮನೆಯನ್ನು ಅತ್ತೆಯವರು ತಮ್ಮ ಆಯುಷ್ಯದಲ್ಲಿ ಕಂಡದ್ದು ಆಗಲೇ. ಅವರ ಕೆಮ್ಮು ಕಡಿಮೆಯಾದದ್ದನ್ನು ನಾವೆಲ್ಲ ಗಮನಿಸಿದೆವು. ಈ ಒಂದು ಕಾರಣಕ್ಕಾಗಿಯೇ ಗುಂಡಿಗೆ ಹಾಕಿದ ಹಣ ಸಾರ್ಥಕವಾಯಿತೆಂದು ನಾನು ನಂಬಿದ್ದೇನೆ.

ಉರಿಯ ಗುಣವನ್ನು ಹೇಳಬೇಕೆಂದರೆ, ಗುಮ್ಮಟ ತುಂಬಿದಾಗ ಅದು ಜೋರಾಗಿಯೂ ನೀಲಿಯಾಗಿಯೂ ಇರುತ್ತದೆ. ಗ್ಯಾಸು ಖರ್ಚಾದಂತೆ ಒತ್ತಡ ಇಳಿಯುತ್ತದೆ. ಅನ್ನ, ಸಾರು, ಪಲ್ಯಗಳಿಗೆ ಇದರಿಂದ ತೊಂದರೆಯಿಲ್ಲ, ಆದರೆ ತೆಳ್ಳೇವು (ತೆಳು ದೋಸೆ) ಎರೆಯುವಾಗ ಕಾವಲಿಗೆ ಒಂದೇ ಹದದ ಕಾವು ಬೇಕು. ಆದ್ದರಿಂದ ನಮ್ಮಲ್ಲಿ ತೆಳ್ಳೇವು ಬೆಳಗಿನ ಮೊದಲ ಕೆಲಸ, ಕುಚ್ಚುವುದು ಬೇಯಿಸುವುದೆಲ್ಲ ಆಮೇಲೆ. ಒಲೆಯನ್ನು ಗೋಬರ್ ಗ್ಯಾಸಿಗೆಂದೇ ಮಾಡಿದ್ದನ್ನೇ ಕೊಳ್ಳಬೇಕು. ಎಲ್‌ಪಿಜಿ ಒಲೆಯ ರಂಧ್ರ ಇದಕ್ಕೆ ತೀರ ಸಣ್ಣದು. ಗ್ಯಾಸಿನಲ್ಲಿರುವ ಗಂಧಕದ ಅಂಶದಿಂದ ಒಲೆಯ ಹಿತ್ತಾಳೆಯ ಕೀಲಿಗಳು ಕಪ್ಪಾಗಿ ಬಿಗಿಯುತ್ತವೆ, ಬರ್ನರು ಸವೆಯುತ್ತದೆ, ಮತ್ತು ಬಿಡಿಭಾಗಗಳು ಶಿರಸಿಯ ಅಂಗಡಿಗಳಲ್ಲಿ ಮೊದಲಿನಷ್ಟು ಸುಲಭವಾಗಿ ಈಗ ಸಿಗುತ್ತಿಲ್ಲ. ಉರಿ ಪುಕಪುಕ ಎಂದು ಕುಣಿಯತೊಡಗಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ. ಗ್ಯಾಸಿನೊಂದಿಗೆ ಬರುವ ಹಬೆ ತಣಿದು ಪೈಪಿನ ತಗ್ಗಿನಲ್ಲಿ ಸೇರುತ್ತದೆ. ಅಲ್ಲಿ ಒಂದು ನಲ್ಲಿ ಇಡಿಸಿಕೊಂಡು ಆಗಾಗ ನೀರು ಬಿಡಬೇಕು. ಪೈಪನ್ನು ಎಳೆಯುವಾಗಲೇ ಒಂದೇ ಕಡೆಗೆ ಇಳಿಜಾರು ಕೊಡುವಂತೆ ಕೆಲಸದವರ ಬಳಿ ನಿಂತು ಹೇಳಿಸಿ ಮಾಡಿಸಿಕೊಳ್ಳಿ.

ಮಳೆಗಾಲ ಈ ಸ್ಥಾವರದ ದುರ್ಬಲ ಕಾಲ. ಗುಂಡಿಯೊಳಗೆ ಗ್ಯಾಸು ಮಾಡುವ ಸೂಕ್ಷ್ಮಜೀವಿಗಳಿಗೆ 30ರಿಂದ 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಜೂನ್ ನಂತರ ನಮ್ಮ ನೆಲ ತಣ್ಣಗಾಗುತ್ತದೆ, ಗ್ಯಾಸು ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಅದರ ಮೇಲೆ ಕದಡುವ ತೊಟ್ಟಿಗೆ ಮಳೆಯ ನೀರು ಬಿದ್ದರೆ ಸಗಣಿ ತೀರ ತೆಳುವಾಗಿ, ಬೇಗನೆ ಹೊರಗೆ ಹರಿದುಹೋಗುತ್ತದೆ. ತೊಟ್ಟಿಗಳ ಮೇಲೆ ತಗಡಿನ ಮಾಡು ಹಾಕಿಸಿದ ಮೇಲೆ ಈ ನಷ್ಟ ತಪ್ಪಿತು. ಆದರೂ ಆಷಾಢ, ಶ್ರಾವಣಗಳಲ್ಲಿ ಸಿಲಿಂಡರನ್ನು ಜೊತೆಗೆ ಇಟ್ಟುಕೊಳ್ಳಲೇಬೇಕು. ಇನ್ನು ಬಚ್ಚಲಿನ ಹಂಡೆ, ಕೆಂಪಡಿಕೆ ಬೇಯಿಸುವ ದೊಡ್ಡ ಒಲೆ, ಹಬ್ಬದ ದೊಡ್ಡಡುಗೆ ಇವು ಯಾವ ಕಾಲದಲ್ಲೂ ಸೌದೆಯವೇ. ಗೋಬರ್ ಗ್ಯಾಸು ಬಂದರೆ ಸೌದೆಯ ಕೊಟ್ಟಿಗೆಯೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯಲ್ಲಿ ಅತಿ ಹೆಚ್ಚು ಬೇಸರಕ್ಕೆ ಕಾರಣವಾಗಿರುವುದು ಸಗಣಿ ಕದಡುವ ಕೆಲಸ. ಸಗಣಿಗೆ ಅಷ್ಟೇ ಪ್ರಮಾಣದ ನೀರು ಸೇರಿಸಿ, ಹುಲ್ಲಿನ ಎಸಳು, ಕಲ್ಲು ಆರಿಸಿ, ಗಂಟಿಲ್ಲದಂತೆ ಕದಡಿ ಗುಂಡಿಗೆ ಬಿಡಬೇಕು. ಕೇಳಲು ಸಣ್ಣ ಕೆಲಸ, ಆದರೆ ಅದಕ್ಕೆ ರಜೆಯಿಲ್ಲ. ಮದುವೆಗೆ ಹೋಗುವ ದಿನವೂ, ಸೂತಕದ ದಿನವೂ, ಮನೆಯವರೆಲ್ಲ ಜ್ವರದಲ್ಲಿ ಮಲಗಿದಾಗಲೂ ಯಾರಾದರೂ ಮಾಡಬೇಕು. ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದವರು ವಯಸ್ಸಾಗಿ ಬಿಟ್ಟ ಮೇಲೆ ಬೇರೆಯವರು ಸಿಗಲಿಲ್ಲ. ಹೆಚ್ಚು ಕೂಲಿ ಕೊಡುತ್ತೇವೆಂದರೂ ಸಗಣಿಯ ಕೆಲಸವೆಂದರೆ ಬರುವವರಿಲ್ಲ. ತೊಟ್ಟಿಯಲ್ಲಿ ಕೈಯಿಂದ ತಿರುಗಿಸುವ ಕದಡುವ ಚಕ್ರವನ್ನು ಹಾಕಿಸಿದ ಮೇಲೆ ಸೊಂಟ ಬಗ್ಗಿಸುವುದು ತಪ್ಪಿದೆ. ಈ ಚಕ್ರಕ್ಕೆ ಹಾಕುವ ಹಣವನ್ನು ಉಳಿಸಲು ನೋಡಬಾರದು, ಏಕೆಂದರೆ ಮನೆಯ ಹೆಂಗಸರ ಸೊಂಟದ ಮೇಲೆಯೇ ಸ್ಥಾವರದ ಆಯುಷ್ಯ ನಿಂತಿದೆ.

ಮಲೆನಾಡಿನ ಮನೆಗಳು ಮೊದಲೇ ಯೋಚಿಸಬೇಕಾದ ವಿಷಯ ಇನ್ನೊಂದಿದೆ. ನಮ್ಮ ಕಡೆ ದನಗಳ ಕಾಲಡಿಗೆ ಮಳೆಗಾಲದಲ್ಲಿ ಬೆಟ್ಟದ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಒಣಗಿ ಉದುರಿದ ಎಲೆ, ಹಾಸುವುದು ರೂಢಿ. ಸೊಪ್ಪು, ಸಗಣಿ, ಗಂಜಲ ಬೆರೆತ ಆ ಗೊಬ್ಬರವೇ ಅಡಿಕೆ ತೋಟಕ್ಕೆ ಆಧಾರ. ಸೊಪ್ಪು ಬೆರೆತ ಸಗಣಿಯನ್ನು ಗುಂಡಿಗೆ ಹಾಕುವಂತಿಲ್ಲ, ಹಾಕಿದರೆ ಒಳಗೆ ದಪ್ಪ ಕೆನೆಯಂತೆ ಕಟ್ಟಿಕೊಂಡು ಗ್ಯಾಸು ಮೇಲೇಳುವುದು ನಿಲ್ಲುತ್ತದೆ. ಹೀಗಾಗಿ ಕೊಟ್ಟಿಗೆಗೆ ಕಲ್ಲಿನ ಹಾಸು ಮಾಡಿಸಬೇಕಾಯಿತು. ತೋಟದ ಗೊಬ್ಬರಕ್ಕೆ ಸಗಣಿಯೇ ಇಲ್ಲವಾಗುತ್ತದೆಂದು ಮಾವನವರು ಬಹಳ ಚಿಂತಿಸಿದರು. ಆ ಚಿಂತೆಗೆ ಪರಿಹಾರವಾಗಿ ಒದಗಿದ್ದು ಸ್ಲರಿ, ಅಂದರೆ ಗ್ಯಾಸು ಕೊಟ್ಟ ಮೇಲೆ ಗುಂಡಿಯಿಂದ ಹೊರಬರುವ ತೆಳು ಸಗಣಿ. ಗೊಬ್ಬರಗುಂಡಿಯಲ್ಲಿ ದರಕು, ಅಡಿಕೆ ಸಿಪ್ಪೆ, ಬಾಳೆಯ ತ್ಯಾಜ್ಯಗಳನ್ನು ಪದರ ಪದರವಾಗಿ ಹರಡಿ ಅದರ ಮೇಲೆ ಸ್ಲರಿ ಬಿಡುತ್ತೇವೆ; ಚೆನ್ನಾಗಿ ಕಳಿತು ಬರುತ್ತದೆ. ಸಗಣಿಯಲ್ಲಿರುವ ಸಾರಜನಕ ಗುಂಡಿಯೊಳಗೆ ನಷ್ಟವಾಗುವುದಿಲ್ಲ, ಗ್ಯಾಸಾಗಿ ಹೋಗುವುದು ಮುಖ್ಯವಾಗಿ ಇಂಗಾಲದ ಅಂಶ. ಸ್ಲರಿ ಹೋದ ಸಾಲಿನಲ್ಲಿ ಕಳೆ ಕಡಿಮೆ ಎಂಬುದನ್ನೂ ಕಂಡಿದ್ದೇವೆ. ಕಾಳುಮೆಣಸಿನ ಬುಡಕ್ಕೆ ಮಾತ್ರ ಹಸಿ ಸ್ಲರಿಯನ್ನು ನಾನು ಹಾಕಿಸುವುದಿಲ್ಲ. ಬುಡದಲ್ಲಿ ನೀರು ನಿಂತರೆ ಕೊಳೆರೋಗಕ್ಕೆ ದಾರಿ.

ಹತ್ತು ವರ್ಷಗಳ ನಂತರದ ಕೊಟ್ಟಿಗೆಯ ಬಗ್ಗೆ ನಾನು ಕೇಳುವುದೇಕೆಂದು ನಮ್ಮ ಮನೆಯ ಕಥೆಯೇ ಹೇಳುತ್ತದೆ. ಮೈದುನನ ಸಂಸಾರ ಮಕ್ಕಳ ಓದಿಗೆಂದು ಬೆಂಗಳೂರಿಗೆ ಹೋಯಿತು. ಮಾವನವರು ತೀರಿಕೊಂಡರು; ದನಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗಿ ಬರುತ್ತಿದ್ದ ಅವರ ಕೆಲಸವನ್ನು ವಹಿಸಿಕೊಳ್ಳುವವರು ಇರಲಿಲ್ಲ. ಗಿಡ್ಡಗಳನ್ನು ಒಂದೊಂದಾಗಿ ಕಡಿಮೆ ಮಾಡಿದೆವು. ಹಗಲೆಲ್ಲ ಮೇದು ಬರುವ ಗಿಡ್ಡದ ಸಗಣಿ ಅರ್ಧದಷ್ಟು ಬೆಟ್ಟದಲ್ಲೇ ಬೀಳುವುದರಿಂದ ಗ್ಯಾಸಿಗೆ ಆದ ನಷ್ಟ ಅಷ್ಟೇನಿಲ್ಲ, ಆದರೆ ಕೊಟ್ಟಿಗೆ ಬರಿದಾದಂತೆ ಕಂಡಿತು. 2020ರಲ್ಲಿ ಲಾಕ್‌ಡೌನ್ ಬಂದಾಗ ಮೈದುನನ ಮನೆಯವರೂ ನಮ್ಮ ಮಗನೂ ಊರಿಗೆ ಮರಳಿದರು, ಚೊಚ್ಚಲ ಬಾಣಂತನಕ್ಕೆ ಬಂದ ಮಗಳೂ ಇದ್ದಳು. ಪೇಟೆಗೆ ಹೋಗಿ ಸಿಲಿಂಡರು ತರುವುದೇ ಕಷ್ಟವಾಗಿದ್ದ ಆ ತಿಂಗಳುಗಳಲ್ಲಿ ಸಗಣಿ ಕದಡಲು ಮಕ್ಕಳು ಸರದಿ ಹಾಕಿಕೊಂಡರು, ಅಷ್ಟು ಜನರ ಅಡುಗೆಯ ಬಹುಪಾಲನ್ನು ಈ ಗುಂಡಿಯೇ ನಡೆಸಿತು. ಬಾಣಂತಿಯ ಕಷಾಯಕ್ಕೂ ಮಗುವಿನ ನೀರಿಗೂ ಹೊತ್ತಲ್ಲದ ಹೊತ್ತಿನಲ್ಲಿ ಕೀಲಿ ತಿರುಗಿಸಿದರೆ ಉರಿ ಸಿದ್ಧವಾಗಿತ್ತು. ಈ ಸ್ಥಾವರದ ಮೇಲೆ ನನಗಿರುವ ಪ್ರೀತಿ ಆ ವರ್ಷದ್ದು.

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹಬ್ಬಿದಾಗ ನಮ್ಮ ಕೊಟ್ಟಿಗೆಗೂ ಬಂತು. ಗೌರಿ ಎಂಬ ಹಾಲಿನ ಹಸುವನ್ನು ಕಳೆದುಕೊಂಡೆವು. ಕಪಿಲೆ ಬದುಕಿಕೊಂಡಳು, ಆದರೆ ಬಹಳ ಕಾಲ ಮೇವು ತಿನ್ನಲಿಲ್ಲ. ಮೇವಿಲ್ಲದ ದನ ಸಗಣಿಯನ್ನೂ ಕೊಡುವುದಿಲ್ಲ. ರೋಗದ ದನಗಳಿಗೆ ಚಿಕಿತ್ಸೆ ನಡೆಯುವಾಗ, ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಕೊಡಿಸಿದಾಗಲೂ, ಅವುಗಳ ಸಗಣಿಯನ್ನು ಬೇರೆ ತೆಗೆದಿಡುತ್ತೇವೆ. ಔಷಧದ ಅಂಶ ಗುಂಡಿಯ ಸೂಕ್ಷ್ಮಜೀವಿಗಳಿಗೂ ಮಾರಕ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರಿಗೂ ಇದೇ ಮಾತು. ಆ ವರ್ಷ ಗ್ಯಾಸು ಬೆಳಗಿನ ಕಷಾಯಕ್ಕೂ ಒಂದು ಅನ್ನಕ್ಕೂ ಸಾಕಾಗುವಷ್ಟಕ್ಕೆ ಇಳಿಯಿತು. ಮರುವರ್ಷ ಒಂದು ಎಮ್ಮೆಯನ್ನು ತಂದೆವು. ಕಟ್ಟಿ ಸಾಕುವ ಎಮ್ಮೆ ಹಸುವಿಗಿಂತ ಹೆಚ್ಚು ಸಗಣಿ ಕೊಡುತ್ತದೆ. ನಿಧಾನವಾಗಿ ಉರಿ ಚೇತರಿಸಿಕೊಂಡಿತು. ಇಂದು ಮೂರು ಹೊತ್ತಿನಲ್ಲಿ ಎರಡು ಹೊತ್ತಿನ ಅಡುಗೆ ಇದರಲ್ಲಿ ಆಗುತ್ತದೆ. ನಮ್ಮಲ್ಲಿ ಈಗಿರುವ ದನಗಳಿಗೆ ಎರಡು ಘನ ಮೀಟರಿನದೇ ಸಾಕು. ಹೊಸದಾಗಿ ಕಟ್ಟಿಸುವವರು ಈಗಿರುವ ದನಗಳ ಲೆಕ್ಕಕ್ಕಿಂತ ಒಂದು ಹಂತ ಚಿಕ್ಕದನ್ನು ಆರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಗುಂಡಿಗೆ ಕಡಿಮೆ ಸಗಣಿ ಹಾಕುವುದಕ್ಕಿಂತ ಚಿಕ್ಕ ಗುಂಡಿಗೆ ತುಂಬ ಹಾಕುವುದು ಮೇಲು.

ಸುರಕ್ಷತೆಯ ಬಗ್ಗೆ ಎರಡು ಮಾತನ್ನು ಒತ್ತಿ ಹೇಳುತ್ತೇನೆ. ಕಪಿಲೆಯ ಕರುವೊಂದು ಸ್ಲರಿ ತೊಟ್ಟಿಗೆ ಜಾರಿ ಬಿದ್ದು, ಮನೆಯಲ್ಲಿ ಜನರಿದ್ದುದರಿಂದ ಉಳಿಯಿತು. ತೊಟ್ಟಿಗೆ ಗಟ್ಟಿಯಾದ ಚಪ್ಪಡಿ ಇಲ್ಲದೆ ಒಂದು ದಿನವೂ ಬಿಡಬಾರದು, ಮಕ್ಕಳಿರುವ ಮನೆಗಳಲ್ಲಂತೂ ಖಂಡಿತ ಬಿಡಬಾರದು. ಹಾಗೆಯೇ ಗುಂಡಿಯನ್ನು ಖಾಲಿ ಮಾಡಿದ ಮೇಲೂ ಒಳಗೆ ವಿಷಾನಿಲ ಉಳಿದಿರುತ್ತದೆ. ಬಾಯಿ ತೆರೆದು ಹಲವು ದಿನ ಗಾಳಿಯಾಡಿಸದೆ, ಹೊರಗೆ ಹಗ್ಗ ಹಿಡಿದು ನಿಲ್ಲುವವರಿಲ್ಲದೆ ಯಾರೂ ಇಳಿಯಬಾರದು. ಹತ್ತಿರ ಬೀಡಿ, ಬೆಂಕಿಕಡ್ಡಿ ಸುಳಿಯಬಾರದು.

ರಿಪೇರಿ ಈ ಮಾದರಿಯ ದೊಡ್ಡ ಕೊರತೆ. ಗುಮ್ಮಟದ ಒಳಗಾರೆ ಸಣ್ಣಗೆ ಬಿರಿದರೂ ಗ್ಯಾಸು ಸೋರುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಪೈಪಿನ ಸೋರಿಕೆಯನ್ನು ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡಿ ಕಂಡುಹಿಡಿಯಬಹುದು, ಗುಮ್ಮಟದ್ದನ್ನು ಹಾಗೆ ಹಿಡಿಯಲಾಗದು. ನಮ್ಮದನ್ನು ಕಟ್ಟಿದ ಮೇಸ್ತ್ರಿ ಈಗ ಕೆಲಸ ಮಾಡುತ್ತಿಲ್ಲ. ಮನೆ ಕಟ್ಟುವ ಮೇಸ್ತ್ರಿಗಳು ಬಹಳ ಜನರಿದ್ದಾರೆ, ದೀನಬಂಧುವಿನ ಗಾರೆ ಬಲ್ಲವರು ಬೆರಳೆಣಿಕೆಯಷ್ಟು. ಕಟ್ಟಿಸುವ ಮೊದಲೇ ರಿಪೇರಿಗೆ ಯಾರು ಬರುತ್ತಾರೆಂದು ವಿಚಾರಿಸಿಟ್ಟುಕೊಳ್ಳುವುದು ಅಗತ್ಯ.

ಕಳೆದ ಚಳಿಗಾಲದಿಂದ ಸಗಣಿಗೆ ತಕ್ಕ ಗ್ಯಾಸು ಬರುತ್ತಿಲ್ಲ. ಪೈಪು, ಕೀಲಿ, ಒಲೆ ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಒಳಗಾರೆಯ ಮೇಲೆಯೇ ಅನುಮಾನ ಉಳಿದಿದೆ. ಇಷ್ಟು ವರ್ಷಗಳಲ್ಲಿ ತಳದಲ್ಲಿ ಮಣ್ಣು, ಮರಳೂ ಕೂತಿರಬಹುದು. ಬರುವ ಮಾರ್ಚಿನಲ್ಲಿ ಅಡಿಕೆ ಕೆಲಸ ಮುಗಿದ ಮೇಲೆ ಗುಂಡಿ ಬರಿದು ಮಾಡಿಸಿ, ಒಳಗೆ ಹೊಸ ಗಾರೆ ಹಾಕಿಸುವುದೆಂದು ಮಗ, ಸೊಸೆ ಸೇರಿ ನಿರ್ಧರಿಸಿದ್ದೇವೆ. ಸಿದ್ದಾಪುರದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಬರುತ್ತೇನೆಂದು ಒಪ್ಪಿದ್ದಾರೆ. ಪುನಃ ಗುಂಡಿ ತುಂಬಲು ಒಮ್ಮೆಗೇ ಬೇಕಾಗುವ ಅಷ್ಟು ಸಗಣಿಯನ್ನು ನೆರೆಮನೆಗಳಿಂದ ಕೇಳಿಟ್ಟುಕೊಳ್ಳಬೇಕು. ಎಲ್ಲರ ಕೊಟ್ಟಿಗೆಗಳೂ ಚಿಕ್ಕದಾಗಿರುವುದರಿಂದ ಆ ಮಾತನ್ನು ಈಗಿನಿಂದಲೇ ಆಡಿಟ್ಟಿದ್ದೇನೆ.