ಪ್ಯಾಟ್ರೋನಿ ಬಳಕೆಯ ವಿಮರ್ಶೆ: ಎರಡು ಸರ್ವರ್ ಇದ್ದರೆ ಸಾಲದು, ಮೂರನೆಯ ವೋಟು ಎಲ್ಲಿದೆ ನೋಡಿ

ಹೊಸ ತೊಗರಿ ಬರುವ ದಿನಗಳಲ್ಲಿ ಕಲಬುರಗಿಯ ಬೇಳೆ ಮಿಲ್ಲಿನ ಡೇಟಾಬೇಸ್ ನಿಂತರೆ ವೇಬ್ರಿಜ್ ನಿಂತಂತೆಯೇ, ಗೇಟಿನಾಚೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಇಂಥ ಬಿಲ್ಲಿಂಗಿನ ಹಿಂದಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ, ಒಂದು ಸರ್ವರ್ ಬಿದ್ದರೆ ಇನ್ನೊಂದನ್ನು ತಾನಾಗಿ ಮುಂದೆ ತರುವ ಪ್ಯಾಟ್ರೋನಿಯನ್ನು ಬಹುಕಾಲ ಬಳಸಿದ ಮೇಲೆ ಬರೆದದ್ದಿದು. ಸಾಫ್ಟ್‌ವೇರ್ ಗಟ್ಟಿಯಾಗಿದೆ. ಕೈಕೊಡುವುದು ಅದರ ಕೆಳಗಿರುವ ಕರೆಂಟು, ನೆಟ್‌ವರ್ಕ್ ಸ್ವಿಚ್ಚು, ಡಿಸ್ಕು.

ಜಲಾಂಡೋ ಕಂಪನಿ ಶುರುಮಾಡಿದ ಈ ಓಪನ್ ಸೋರ್ಸ್ ತಂತ್ರಾಂಶಕ್ಕೆ ಲೈಸೆನ್ಸ್ ಖರ್ಚಿಲ್ಲ. ಬರಹಗಳನ್ನು ಸ್ವೀಕರಿಸುವ ಮುಖ್ಯ ಸರ್ವರ್ ಲೀಡರ್, ಅದರ ನಕಲು ಇಟ್ಟುಕೊಳ್ಳುವುದು ರೆಪ್ಲಿಕಾ. ಲೀಡರ್ ಯಾರೆಂಬ ಬೀಗ ಎಟ್‌ಸಿಡಿಯಲ್ಲಿ, ಅಂದರೆ ಹಲವು ಯಂತ್ರಗಳಲ್ಲಿ ಒಟ್ಟಿಗೆ ಓಡುವ ಚಿಕ್ಕ ದಾಖಲೆ ಸಂಗ್ರಹದಲ್ಲಿ, ಇರುತ್ತದೆ. ಲೀಡರ್ ಆದವನು 10 ಸೆಕೆಂಡಿಗೊಮ್ಮೆ ಅದನ್ನು ನವೀಕರಿಸಬೇಕು, 30 ಸೆಕೆಂಡ್ ಸುದ್ದಿಯಿಲ್ಲದಿದ್ದರೆ ಬೀಗ ಬಿಟ್ಟುಹೋಗಿ ರೆಪ್ಲಿಕಾ ಲೀಡರ್ ಆಗುತ್ತದೆ. ಹಾಗಾಗಿ ಸರ್ವರಿನ ಪ್ಲಗ್ಗೇ ಕಿತ್ತುಬಂದರೆ ಸುಮಾರು ಅರ್ಧ ನಿಮಿಷ ಡೇಟಾ ಬರೆಯುವ ಕೆಲಸ ನಿಲ್ಲುತ್ತದೆಂದು ಮೊದಲೇ ಎಲ್ಲರಿಗೂ ಹೇಳಿಡಿ. ನಾವೇ ಸ್ವಿಚ್‌ಓವರ್ ಮಾಡಿದರೆ, ಅಂದರೆ ಬೇಕೆಂದೇ ಲೀಡರ್ ಬದಲಿಸಿದರೆ, ಕೆಲವೇ ಸೆಕೆಂಡು ಸಾಕು.

ಎಟ್‌ಸಿಡಿಗೆ ಬಹುಮತ ಬೇಕು, ಅಂದರೆ ಅದು ಓಡುವ ಮೂರು ಯಂತ್ರಗಳಲ್ಲಿ ಎರಡು. ಎರಡೇ ಇಟ್ಟರೆ ಒಂದು ಬಿದ್ದಕೂಡಲೇ ಇನ್ನೊಂದಕ್ಕೂ ಬಹುಮತವಿಲ್ಲ, ಚೆನ್ನಾಗಿರುವ ಲೀಡರ್ ಕೂಡ ಓದಲು ಮಾತ್ರ ಎಂಬ ಸ್ಥಿತಿಗೆ ಇಳಿಯುತ್ತದೆ. ಮೂರನೆಯದನ್ನು ಬೀದರ್ ಶಾಖೆಯಲ್ಲಿ ಇಡೋಣವೆಂದು ಬಹಳ ಮಂದಿ ಯೋಚಿಸುತ್ತಾರೆ. ಆದರೆ ನಡುವಿನ ಲೈನ್ ಕಡಿದಿರುವಾಗಲೇ ಇಲ್ಲಿ ಒಂದು ಸರ್ವರ್ ಮಲಗಿದರೆ ಎಲ್ಲವೂ ನಿಂತಂತೆ. ಅದಕ್ಕಿಂತ ಅದೇ ಆವರಣದ ಇನ್ನೊಂದು ಕೋಣೆಯಲ್ಲಿ, ಬೇರೆ ಯುಪಿಎಸ್ ಮೇಲೆ, ಎಸ್‌ಎಸ್‌ಡಿ ಇರುವ ಚಿಕ್ಕ ಕಂಪ್ಯೂಟರ್ ಒಂದನ್ನು ಇಡುವುದು ಒಳ್ಳೆಯದು. ಬೀದರಿಗೆ ಕಳಿಸಬೇಕಾದದ್ದು ಬ್ಯಾಕಪ್.

ಇಲ್ಲಿ ಹೆಚ್ಚಾಗಿ ಕಾಣುವ ತಪ್ಪೊಂದಿದೆ. ಸರ್ವರ್‌ಗಳೆರಡೂ ಯುಪಿಎಸ್ ಮೇಲೆ, ನೆಟ್‌ವರ್ಕ್ ಸ್ವಿಚ್ ಮಾತ್ರ ಗೋಡೆಯ ಸಾಕೆಟ್ಟಿಗೆ! ಕರೆಂಟ್ ಹೋಗಿ ಜನರೇಟರ್ ಎದ್ದೇಳುವಷ್ಟರಲ್ಲಿ ಸ್ವಿಚ್ ಆರಿ ಮತ್ತೆ ಬೂಟ್ ಆಗುತ್ತದೆ. ಆ ಹೊತ್ತಿನಲ್ಲಿ ಲೀಡರ್‌ಗೆ ಎಟ್‌ಸಿಡಿ ಬಹುಮತ ಸಿಗದೆ ಅದು ಕೆಳಗಿಳಿಯುತ್ತದೆ. ಯಂತ್ರ ಕೆಟ್ಟಿಲ್ಲ, ಡೇಟಾ ಕೆಟ್ಟಿಲ್ಲ, ಆದರೂ ಬಿಲ್ಲಿಂಗ್ ನಿಂತಿತು. ಮೊದಲು ಸ್ವಿಚ್ಚನ್ನು ಯುಪಿಎಸ್‌ಗೆ ತನ್ನಿ. ಆಮೇಲೂ ಬೇಕೆನಿಸಿದರೆ ರೀಟ್ರೈ ಟೈಮ್‌ಔಟನ್ನು (ಎಟ್‌ಸಿಡಿ ಸಿಗದಿದ್ದಾಗ ಮತ್ತೆ ಯತ್ನಿಸುವ ಅವಧಿ) 10ರಿಂದ 20 ಸೆಕೆಂಡಿಗೆ ಏರಿಸಬಹುದು. ಆಗ ಟಿಟಿಎಲ್, ಅಂದರೆ ಬೀಗದ ಆ 30 ಸೆಕೆಂಡಿನ ಆಯಸ್ಸು, ಕನಿಷ್ಠ 50 ಇರಬೇಕು: ನವೀಕರಣಗಳ ನಡುವಿನ ಲೂಪ್ ವೇಟ್ 10, ಜೊತೆಗೆ ರೀಟ್ರೈನ ಎರಡರಷ್ಟು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಆದ್ದರಿಂದ ಡಬ್ಬದ ಮೇಲಿನ ವರ್ಷಗಳನ್ನು ನಂಬಬೇಡಿ.

ಡಿಸ್ಕಿನ ವಿಷಯ. ಎಟ್‌ಸಿಡಿ ಪ್ರತಿ ಬರಹವನ್ನೂ ಡಿಸ್ಕಿಗೆ ಎಫ್‌ಸಿಂಕ್ ಮಾಡುತ್ತದೆ, ಅಂದರೆ ಅದು ಡಿಸ್ಕಿನಲ್ಲಿ ನಿಜವಾಗಿ ಕೂರುವವರೆಗೆ ಕಾಯುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು 10 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಪೋಸ್ಟ್‌ಗ್ರೆಸ್ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿದ್ದ ಬದಲಾವಣೆಗಳನ್ನು ಡಿಸ್ಕಿಗೆ ಸುರಿಯುವುದು) ಅದೇ ಡಿಸ್ಕನ್ನು ಹಿಂಡಿದರೆ ಬೀಗದ ನವೀಕರಣ ತಡವಾಗಿ ಕಾರಣವಿಲ್ಲದ ಫೇಲ್‌ಓವರ್ (ಲೀಡರ್ ತಾನಾಗಿ ಬದಲಾಗುವುದು) ಆಗುತ್ತದೆ. ಎಟ್‌ಸಿಡಿಗೆ ಬೇರೆ ಎಸ್‌ಎಸ್‌ಡಿಯನ್ನೇ ಕೊಡಿ.

ಡೇಟಾ ಕಳೆಯುವ ಪ್ರಶ್ನೆಯಲ್ಲಿ ಡೀಫಾಲ್ಟ್ ಸೆಟ್ಟಿಂಗ್ ಸಾಲದು. ರೆಪ್ಲಿಕೇಶನ್ ಅಸಿಂಕ್ರನಸ್, ಅಂದರೆ ಬರಹ ರೆಪ್ಲಿಕಾಗೆ ತಲುಪಿತೇ ಎಂದು ಲೀಡರ್ ಕಾಯುವುದಿಲ್ಲ. ತೂಕದ ಚೀಟಿ ಪ್ರಿಂಟ್ ಆದ ಮರುಕ್ಷಣ ಲೀಡರ್ ಸತ್ತರೆ, ರೈತರ ಕೈಯಲ್ಲಿ ಚೀಟಿ ಇರುತ್ತದೆ, ಹೊಸ ಲೀಡರಿನಲ್ಲಿ ಆ ಸಾಲೇ ಇರುವುದಿಲ್ಲ. ಸಿಂಕ್ರನಸ್ ಮೋಡ್ ಆನ್ ಮಾಡಿ. ಎರಡೇ ಡೇಟಾಬೇಸ್ ಸರ್ವರ್ ಇರುವಲ್ಲಿ ಅದರ ಸ್ಟ್ರಿಕ್ಟ್ ಆಯ್ಕೆ ಬೇಡ, ಅದಿದ್ದರೆ ರೆಪ್ಲಿಕಾ ಬಿದ್ದಕೂಡಲೇ ಬರವಣಿಗೆಯೂ ನಿಲ್ಲುತ್ತದೆ. ಇನ್ನೊಂದು, ಫೇಲ್‌ಓವರ್ ಆದ ಮೇಲೆ ಚೀಟಿಗೆ ತಾನಾಗಿ ಬೀಳುವ ಸೀಕ್ವೆನ್ಸ್ ನಂಬರ್ ಸುಮಾರು 32ರಷ್ಟು ಮುಂದಕ್ಕೆ ಜಿಗಿಯಬಹುದು. ಪೋಸ್ಟ್‌ಗ್ರೆಸ್ ಅಷ್ಟನ್ನು ಮುಂಚಿತವಾಗಿ ಲಾಗ್ ಮಾಡಿರುತ್ತದೆ. ಇದನ್ನು ಲೆಕ್ಕಪತ್ರದವರಿಗೆ ಮೊದಲೇ ತಿಳಿಸಿ, ಇಲ್ಲವಾದರೆ ಕಾಣದ ಚೀಟಿಗಳನ್ನು ಹುಡುಕುತ್ತಾ ಕೂರುತ್ತಾರೆ.

ಅಪ್ಲಿಕೇಶನ್ ಹೊಸ ಲೀಡರನ್ನು ಹುಡುಕಬೇಕಲ್ಲ. ನಡುವೆ ನಿಂತು ಸಂಪರ್ಕಗಳಿಗೆ ದಾರಿ ತೋರುವ ಎಚ್‌ಎ ಪ್ರಾಕ್ಸಿ 8008 ಪೋರ್ಟಿನಲ್ಲಿ ಪ್ಯಾಟ್ರೋನಿಯನ್ನು ಕೇಳಿ, 200 (ಸರಿ ಎಂಬ ಉತ್ತರ) ಬಂದ ಕಡೆ ಕಳಿಸುತ್ತದೆ. ಆದರೆ ಪ್ರಾಕ್ಸಿ ಒಂದೇ ಇದ್ದರೆ ಅದೇ ಹೊಸ ಒಂಟಿಕಂಬ. ಎರಡು ಪ್ರಾಕ್ಸಿ ಇಟ್ಟು, ಒಂದು ಬಿದ್ದರೆ ಅದರ ವಿಳಾಸವನ್ನು ಇನ್ನೊಂದಕ್ಕೆ ಕೊಡುವ ಕೀಪ್‌ಅಲೈವ್‌ಡಿ ಹಾಕಿ. ಚಿಕ್ಕ ಕಚೇರಿಗೆ ಇನ್ನೂ ಸುಲಭದ್ದು, ಕನೆಕ್ಷನ್ ಸ್ಟ್ರಿಂಗಿನಲ್ಲೇ ಎರಡೂ ಸರ್ವರ್ ಹೆಸರು ಬರೆದು ರೀಡ್-ರೈಟ್ ಆಗಿರುವುದನ್ನೇ ಆರಿಸಲು ಹೇಳುವುದು. ಪೋಸ್ಟ್‌ಗ್ರೆಸ್ 10ರಿಂದ ಈ ಸೌಲಭ್ಯವಿದೆ.

ಹಳೆಯ ಲೀಡರ್ ಮರಳಿ ಸೇರಿಕೊಳ್ಳಲು ಅದರ ಡೇಟಾವನ್ನು ಹೊಸ ಲೀಡರಿಗೆ ಹೊಂದಿಸುವ ಪಿಜಿ ರಿವೈಂಡ್ ಬೇಕು, ಅದಕ್ಕೆ ಪೋಸ್ಟ್‌ಗ್ರೆಸ್‌ನ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಸೆಟ್ಟಿಂಗ್ ಮೊದಲೇ ಆನ್ ಇರಬೇಕು. ರೆಪ್ಲಿಕಾ ರಿಪೇರಿಗೆ ಒಂದು ದಿನ ಹೋದರೆ ಅದರ ಸ್ಲಾಟ್ (ಅದಕ್ಕಾಗಿ ಬದಲಾವಣೆಗಳ ಲಾಗನ್ನು ಲೀಡರಿನಲ್ಲಿ ಉಳಿಸಿಡುವ ಗುರುತು) ಉಳಿಯುವುದಿಲ್ಲ. ಪ್ಯಾಟ್ರೋನಿ 4ರಲ್ಲಿ ಸಹ ಡೀಫಾಲ್ಟ್ ಆಗಿ 30 ನಿಮಿಷ ಮಾತ್ರ. ವಾಲ್ ಆರ್ಕೈವ್ (ಆ ಲಾಗಿನ ಸಂಗ್ರಹ) ಇಲ್ಲದಿದ್ದರೆ ಪೂರ್ತಿ ಮರುನಕಲು ಮಾಡಬೇಕಾಗಬಹುದು.

ಬಿಲ್ಲಿಂಗ್ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಮೇಲಿದ್ದವರಿಗೆ ಪ್ಯಾಟ್ರೋನಿ ಬಾರದು. 2016ರ ಆವೃತ್ತಿಯಿಂದ ಅದರ ಸ್ಟ್ಯಾಂಡರ್ಡ್ ಎಡಿಷನ್ನಿನಲ್ಲೇ ಇಂಥದೇ ಕೆಲಸದ ಬೇಸಿಕ್ ಅವೈಲೆಬಿಲಿಟಿ ಗ್ರೂಪ್ ಸಿಗುತ್ತದೆ: ಗ್ರೂಪಿಗೆ ಒಂದೇ ಡೇಟಾಬೇಸ್, ಎರಡು ಪ್ರತಿ, ಎರಡನೆಯದರಿಂದ ರಿಪೋರ್ಟ್ ತೆಗೆಯಲಾಗದು. ಅಲ್ಲಿಯೂ ಸಾಕ್ಷಿಯಾಗಿ ಮೂರನೆಯ ವೋಟು ಇಡಬೇಕು.

ಐದಕ್ಕೆ ನಾಲ್ಕು ಅಂಕ. ಒಂದನ್ನು ಕಡಿಮೆ ಮಾಡಿದ್ದು ಎಟ್‌ಸಿಡಿಯನ್ನೂ ಕಲಿತು ಕಾಯಬೇಕಾದ್ದರಿಂದ. ಅದಕ್ಕೆ ಜನ ಇಲ್ಲದಿದ್ದರೆ ಒಂದು ರೆಪ್ಲಿಕಾ ಇಟ್ಟು, ಅದನ್ನು ಕೈಯಿಂದ ಲೀಡರ್ ಆಗಿ ಪ್ರಮೋಟ್ ಮಾಡುವ ಹಂತಗಳನ್ನು ಕಾಗದದಲ್ಲಿ ಬರೆದು ಸರ್ವರ್ ಕೋಣೆಯಲ್ಲಿ ಅಂಟಿಸಿ. ಹಾಕಿಕೊಂಡವರು ಸುಗ್ಗಿಗೆ ಮುಂಚೆ, ನವೆಂಬರಿನಲ್ಲಿ, ಲೀಡರಿನ ಪವರ್ ಕೇಬಲ್ ನಿಜವಾಗಿ ಕಿತ್ತು ಪರೀಕ್ಷಿಸಿ. ಆಮೇಲೆ ಕರೆಂಟ್ ಮೇನನ್ನೂ ಆರಿಸಿ, ಸ್ವಿಚ್ಚಿನ ದೀಪ ಉರಿಯುತ್ತಲೇ ಇದೆಯೇ ನೋಡಿ.