ಅಚ್ಚಿನ ಪ್ಯಾನೆಲ್‌ನ ಕೌದಿ: ಮೂರು ವರ್ಷ ಹೊದ್ದು, ಒಗೆದ ಮೇಲೆ

ಪ್ಯಾನೆಲ್ ಎಂದರೆ ಕೌದಿಯ ಇಡೀ ಚಿತ್ರ ಅಚ್ಚಾಗಿ ಬರುವ ಒಂದೇ ತುಂಡು ಬಟ್ಟೆ. ಆನ್‌ಲೈನಿನಲ್ಲಿ ತರಿಸಿದ ಆರು ಪ್ಯಾನೆಲ್‌ಗಳು, ಮೂರು ವರ್ಷದ ಬಳಕೆ, ಅಕ್ಕಲಕೋಟೆಯ ಬಿಸಿಲು, ಬೋರ್‌ವೆಲ್ಲಿನ ಗಡಸು ನೀರು. ಆರರಲ್ಲಿ ನಾಲ್ಕು ರಿಯಾಕ್ಟಿವ್ (ನೂಲಿಗೇ ಇಳಿಯುವ) ಬಣ್ಣದ ಕಾಟನ್, ಒಂದು ಪಿಗ್ಮೆಂಟ್ (ಬಟ್ಟೆಯ ಮೇಲೆ ಅಂಟಿ ಕೂರುವ ಬಣ್ಣ) ಅಚ್ಚಿನ ಕಾಟನ್, ಒಂದು ಪಾಲಿಯೆಸ್ಟರ್. ಚೂರು ಜೋಡಿಸುವ ಕೆಲಸ ತಪ್ಪುತ್ತದೆ ಎಂದು ಇದನ್ನು ಮಾರುತ್ತಾರೆ. ಅದು ತಪ್ಪುವುದು ನಿಜ. ಮೂಲೆ ಸರಿಮಾಡುವ ಕೆಲಸ ಮಾತ್ರ ತಪ್ಪುವುದಿಲ್ಲ, ಹೊಸಬರು ಎಡವುವುದೂ ಅಲ್ಲೇ.

ಮೊದಲು ಅಳತೆ. ಪ್ಯಾನೆಲ್ ಸಾಮಾನ್ಯವಾಗಿ 36 ಇಂಚು x 44 ಇಂಚು, ಅಂದರೆ 44 ಇಂಚು ಪನ್ನಾದ (ಅಗಲದ) ಬಟ್ಟೆಯ ಒಂದು ವಾರ (ಗಜ). ಈ ಲೆಕ್ಕದಲ್ಲಿ ಅಂಚಿನ ಬಿಳಿ ಪಟ್ಟಿಯೂ ಸೇರಿರುತ್ತದೆ. ಅದನ್ನು ತೆಗೆದರೆ ಕೈಗೆ ಸಿಗುವುದು ಸುಮಾರು 34½ x 42½. ಹೊಲಿಗೆಗೆ ಸುತ್ತ ಕಾಲಿಂಚು ಹೋಗುತ್ತದೆ. ಚಿತ್ರದ ಬಳ್ಳಿಯೋ ನವಿಲಿನ ಕೊಕ್ಕೋ ಗೆರೆಗೆ ತಾಗಿದ್ದರೆ ಆ ಕಾಲಿಂಚಿನಲ್ಲಿ ಕೊಕ್ಕು ಮಾಯ. ಆರ್ಡರ್ ಮಾಡುವಾಗ ಫೋಟೊದಲ್ಲಿ ಇದೊಂದನ್ನು ನೋಡಿಕೊಳ್ಳಿ. ಹನ್ನೆರಡು ಚೌಕ ಅಚ್ಚಾಗಿರುವ ಪ್ಯಾನೆಲ್‌ನಲ್ಲಿ ಚೌಕಗಳು ಒಂದಕ್ಕೊಂದು ಕಾಲಿಂಚು ಹೆಚ್ಚುಕಡಿಮೆ ಇರುವುದು ಮಾಮೂಲು. ಎಲ್ಲಕ್ಕಿಂತ ಚಿಕ್ಕದರ ಅಳತೆಗೆ ಉಳಿದವನ್ನೂ ಕತ್ತರಿಸಬೇಕು.

ಇನ್ನು ಓರೆ. ಬಟ್ಟೆ ಅಚ್ಚಿನ ಯಂತ್ರದಲ್ಲಿ ಓಡುವಾಗ ಎಳೆದುಕೊಂಡು ಹಾಸು-ಹೊಕ್ಕು ವಾರೆಯಾಗುತ್ತದೆ, ಚಿತ್ರ ಅದರ ಮೇಲೆ ಬೀಳುತ್ತದೆ. ಮೇಜಿನ ಮೇಲೆ ಹಾಸಿ ಎರಡೂ ಕರ್ಣ ಅಳೆಯಿರಿ. 36 x 44ಕ್ಕೆ ಎರಡೂ ಹತ್ತಿರ ಹತ್ತಿರ 57 ಇಂಚು ಬರಬೇಕು. ಅರ್ಧ ಇಂಚಿನ ವ್ಯತ್ಯಾಸವಾದರೆ ಸರಿಮಾಡಬಹುದು. ನೀರು ಚಿಮುಕಿಸಿ, ಗಿಡ್ಡ ಕರ್ಣದ ಎರಡು ಮೂಲೆಗಳನ್ನು ಇಬ್ಬರು ಹಿಡಿದು ನಿಧಾನಕ್ಕೆ ಎಳೆದು, ಇಸ್ತ್ರಿಯನ್ನು ಒತ್ತಿ ಎತ್ತಿ ಒತ್ತಬೇಕು. ಇಸ್ತ್ರಿ ಜಾರಿಸಿದರೆ ಮತ್ತೆ ವಾರೆ. ಒಂದು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ವಾಪಸ್ ಕಳಿಸಿ. ನಮ್ಮ ಆರರಲ್ಲಿ ಒಂದು ಹಾಗಿತ್ತು. ಮಾರಿದವರು ಮೊದಲು “ಕಾಟನ್ ಅಂದರೆ ಹೀಗೇ” ಎಂದರು, ಟೇಪು ಇಟ್ಟು ತೆಗೆದ ಫೋಟೊ ನೋಡಿ ಬದಲಿಸಿಕೊಟ್ಟರು. ಅದಕ್ಕೇ, ಕತ್ತರಿ ಹಾಕುವ ಮೊದಲು ಫೋಟೊ.

ಎಳೆದು ಸರಿಮಾಡಿದ್ದು ಮೊದಲ ಒಗೆತಕ್ಕೆ ಹಳೆಯ ವಾರೆಗೇ ಮರಳಲು ನೋಡುತ್ತದೆ. ಅದನ್ನು ತಡೆಯುವುದು ಒತ್ತೊತ್ತಾಗಿ ಹಾಕಿದ ಹೊಲಿಗೆ. ನಾಲ್ಕು ಇಂಚಿಗೊಂದು ಸಾಲು ಹಾಕಿದ ಕೌದಿ ವರ್ಷದೊಳಗೆ ಮೂಲೆ ತಿರುಗಿಸಿತು. ಕೌದಿಯ ಪದ್ಧತಿಯಂತೆ ಮುಕ್ಕಾಲು ಇಂಚಿಗೊಂದು ಸಾಲು ಕೈಹೊಲಿಗೆ ಬಿದ್ದದ್ದು ಇನ್ನೂ ನೆಟ್ಟಗಿದೆ. ಚಿತ್ರ ಮರೆಯಾಗುತ್ತದೆ ಎಂದು ಹೊಲಿಗೆ ಕಡಿಮೆ ಮಾಡುವವರಿದ್ದಾರೆ. ದಾರ ಚಿತ್ರದ ನೆಲಬಣ್ಣದ್ದಾಗಿದ್ದರೆ ಏನೂ ಮರೆಯಾಗುವುದಿಲ್ಲ.

ಆದರೆ ಕೌದಿಯ ಒಂದು ರೂಢಿ ಇಲ್ಲಿ ಕೈಕೊಡುತ್ತದೆ. ಹಳೆ ಸೀರೆಯ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತೇವೆ. ಅಲ್ಲಿ ಚೂರುಗಳನ್ನು ಹೊಲಿಯುತ್ತ ಹೊಲಿಯುತ್ತಲೇ ಇಡುವುದರಿಂದ ಸಡಿಲ ಬಂದಲ್ಲಿ ಮಡಿಚಿಕೊಳ್ಳಬಹುದು. ಪ್ಯಾನೆಲ್ ಒಂದೇ ತುಂಡು, ಮಡಿಚಲು ಜಾಗವಿಲ್ಲ. ಅಂಚಿನಿಂದ ಬಂದರೆ ಸಡಿಲವೆಲ್ಲ ನಡುವಿಗೆ ಸೇರಿ ನವಿಲಿನ ಹೊಟ್ಟೆಯ ಮೇಲೆ ಪೂರಿಯಂತೆ ಉಬ್ಬುತ್ತದೆ. ಹಾಗಾಗಿ ಅಸ್ತರ, ನಡುಪದರ, ಪ್ಯಾನೆಲ್ ಮೂರೂ ಪದರ ಹಾಸಿ, ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕಿ, ನಡುವಿನಿಂದ ಹೊರಗೆ ಹೊಲಿಯಿರಿ.

ಅಂಚುಪಟ್ಟಿಯ ಲೆಕ್ಕ ಹೇಳುತ್ತೇನೆ, ಇದರಲ್ಲಿ ಪ್ಯಾನೆಲ್‌ನ ಅರ್ಧ ದೋಷ ಮುಚ್ಚುತ್ತದೆ. 34½ x 42½ರ ಸುತ್ತ ಮೊದಲು ತೆಳು ಪಟ್ಟಿ. ಬೇಕಿರುವುದು ಹೊಲಿಗೆಯ ಕಾಲಿಂಚುಗಳೂ ಸೇರಿ 2½ ಇಂಚು, ಕತ್ತರಿಸುವುದು 3 ಇಂಚು. ನಾಲ್ಕೂ ಕಡೆ ಹೊಲಿದ ಮೇಲೆ ಇಡೀ ತುಂಡನ್ನು 38½ x 46½ಕ್ಕೆ, ಮೂಲೆಮಟ್ಟ ಇಟ್ಟು ಕತ್ತರಿಸಿ. ವಾರೆಯೆಲ್ಲ ಆ ಪಟ್ಟಿಯ ಅಗಲದಲ್ಲಿ ಕರಗುತ್ತದೆ. ಒಂದು ತುದಿಗೆ 2¼, ಇನ್ನೊಂದಕ್ಕೆ 2½ ಬಂದರೂ, ಪಟ್ಟಿ ಪ್ಯಾನೆಲ್‌ನ ನೆಲಬಣ್ಣದ್ದೇ ಆಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಎದ್ದು ಕಾಣುವ ಬಣ್ಣ ಹಾಕಿದಿರೋ, ಬೀಳುತ್ತದೆ. ಆಮೇಲೆ 6½ ಇಂಚಿನ ಹೊರಪಟ್ಟಿ. ಸಿದ್ಧವಾದಾಗ 50 x 58, ಹತ್ತು ವರ್ಷದ ಮಗುವಿಗೆ ಸಾಕು. ಪಟ್ಟಿಯ ಉದ್ದವನ್ನು ತುಂಡಿನ ನಡುವೆ ಅಳೆದು ತೆಗೆದುಕೊಳ್ಳಬೇಕು, ಅಂಚಿನಲ್ಲಲ್ಲ. ಉದ್ದ ಪಟ್ಟಿ ಹಿಡಿದು ಹೊಲಿಯುತ್ತ ಹೋಗಿ ಕೊನೆಗೆ ಕತ್ತರಿಸಿದರೆ ಅಂಚು ಕರಿದ ಹಪ್ಪಳದಂತೆ ಅಲೆಯಾಗುತ್ತದೆ.

ಹೊರಪಟ್ಟಿಗೆ ಹಳೆ ಇಳಕಲ್ಲ ಸೀರೆಯ ಹತ್ತಿಯ ಒಡಲು ಚಂದ ಕೂರುತ್ತದೆ. ಅದರ ಕೆಂಪು ಸೆರಗು ಬೇಡ. ಪ್ಯಾನೆಲ್‌ನ ಬಿಳಿ ಭಾಗಕ್ಕೆ ಬಣ್ಣ ಹತ್ತಿದರೆ ಮತ್ತೆ ಹೋಗದು.

ಅಸ್ತರ ಸುತ್ತ ನಾಲ್ಕಿಂಚು ದೊಡ್ಡದಿರಲಿ, ಅಂದರೆ 58 x 66. 44 ಇಂಚು ಪನ್ನಾ ಆದರೆ 3 ಮೀಟರ್ ಬೇಕು, ನಡುವೆ ಜೋಡು ಬರುತ್ತದೆ. 90 ಇಂಚಿನ ಚಾದರ ಬಟ್ಟೆ ಸಿಕ್ಕರೆ ಒಂದೂವರೆ ಮೀಟರ್ ಸಾಕು, ಜೋಡೂ ಇಲ್ಲ. ಇಚಲಕರಂಜಿಯ ಮಗ್ಗದ ಬಟ್ಟೆ ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ. ಮರಾಠಿಯಲ್ಲಿ ‘ಪನ್ಹಾ’ ಎಂದು ಕೇಳಿದರೆ ಅಗಲ ಹೇಳುತ್ತಾರೆ. ನಡುಪದರಕ್ಕೆ ಎರಡು ಮಡಿಕೆ ಹಳೆ ಧೋತರ ಹಾಕಿದ್ದೇ ನಮ್ಮ ಸೆಕೆಗೆ ಹೊಂದಿದ್ದು. ಪಾಲಿಯೆಸ್ಟರ್ ವ್ಯಾಡಿಂಗ್ (ಹತ್ತಿಯಂತಿರುವ ಮೆತ್ತನೆ ಹಾಳೆ) ಬೇಕೆಂದರೆ 100 ಜಿಎಸ್ಎಂ (ಚದರ ಮೀಟರಿಗೆ 100 ಗ್ರಾಂ) ಮೀರಬೇಡಿ. ಸೊಲ್ಲಾಪುರ ಚಾದರವನ್ನೇ ಒಳಗಿಟ್ಟು ಹೊಲಿಯುವ ಆಸೆ ಬರುತ್ತದೆ, ಬೇಡ. ಒದ್ದೆಯಾದಾಗ ಇಬ್ಬರಿಗೂ ಎತ್ತಲಾಗದ ಭಾರ.

ಮಶೀನಿಗೆ 14 ನಂಬರ್ ಸೂಜಿ, ಹೊಲಿಗೆ ಇಂಚಿಗೆ ಎಂಟು. ಕಪ್ಪು ಕಾಲುಮಶೀನಿಗೆ ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಜೊತೆಗೇ ಸಾಗಿಸುವ ಫುಟ್) ಸಿಗದಿದ್ದರೆ ಫುಟ್‌ನ ಕಂಬಿಯ ನೆತ್ತಿಯಲ್ಲಿರುವ ಒತ್ತಡದ ತಿರುಪನ್ನು ಸಡಿಲಿಸಿ. ಇಲ್ಲದಿದ್ದರೆ ಕೆಳಗಿನ ಹಲ್ಲು ಅಸ್ತರವನ್ನು ಎಳೆದೊಯ್ಯುತ್ತದೆ, ಮೇಲಿನ ಪದರ ಹಿಂದೆ ಉಳಿದು ಮಡಿಕೆ ಬೀಳುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ರಿಯಾಕ್ಟಿವ್‌ಗೇ ನಮ್ಮ ಓಟು. ಗುರುತು ಸುಲಭ: ಬಟ್ಟೆ ಮೆತ್ತಗಿರುತ್ತದೆ, ಹಿಂಬದಿಯಲ್ಲೂ ಬಣ್ಣ ಸ್ವಲ್ಪ ಇಳಿದಿರುತ್ತದೆ. ಪಿಗ್ಮೆಂಟ್‌ನಲ್ಲಿ ಬಣ್ಣ ಮೇಲೆ ಅಂಟಿಕೊಂಡು ಕೂರುತ್ತದೆ, ಹಿಂಬದಿ ಬಿಳಿಚು, ಗಾಢ ಬಣ್ಣವಿದ್ದಲ್ಲಿ ಕೈಗೆ ಗಡುಸು. ನಮ್ಮ ಪಿಗ್ಮೆಂಟ್ ಪ್ಯಾನೆಲ್ ಎರಡನೇ ವರ್ಷಕ್ಕೆ ಮಡಿಕೆಯ ಗೆರೆಗಳಲ್ಲಿ ಬಿಳಿಯಾಯಿತು, ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಹಾಗೇ ಉಳಿಯಿತು. ಪಾಲಿಯೆಸ್ಟರ್‌ನ ಬಣ್ಣಕ್ಕೆ ಇವತ್ತಿಗೂ ಏನೂ ಆಗಿಲ್ಲ. ಏಪ್ರಿಲ್‌ನಲ್ಲಿ ಅದನ್ನು ಹೊದೆಯುವವರು ಮಾತ್ರ ಯಾರೂ ಇಲ್ಲ.

ಪ್ಯಾನೆಲ್ಲನ್ನು ಹೊಲಿಯುವ ಮೊದಲು ಒಗೆಯಬೇಡಿ, ಉದ್ದಗಲ ಬೇರೆಬೇರೆ ಕುಗ್ಗಿ ಚಿತ್ರ ಕೆಡುತ್ತದೆ. ಹಾಗಿದ್ದಮೇಲೆ ಹೊಸ ಅಸ್ತರವನ್ನೂ ಒಗೆಯಬೇಡಿ. ಒಂದನ್ನು ಕುಗ್ಗಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಮೊದಲ ನೀರಿಗೆ ಸುಕ್ಕು. ಬಣ್ಣ ಬಿಡುತ್ತದೋ ಎಂದು ನೋಡಲು ಒದ್ದೆ ಬಿಳಿ ಬಟ್ಟೆಯಿಂದ ಗಾಢ ಬಣ್ಣದ ಮೇಲೆ ಹತ್ತು ಸಲ ಉಜ್ಜಿ. ರಿಯಾಕ್ಟಿವ್‌ನಲ್ಲಿ ಮೊದಲ ಒಗೆತಕ್ಕೆ ಬಿಡುವುದು ಕಾರ್ಖಾನೆಯಲ್ಲಿ ತೊಳೆದು ಹೋಗದೆ ಉಳಿದ ಬಣ್ಣ. ಉಪ್ಪುನೀರು, ವಿನೆಗರ್ ಹಾಕಿ ಅದನ್ನು ಕೂರಿಸಲಾಗದು. ತಣ್ಣೀರಲ್ಲಿ, ಬೇರೆಯಾಗಿ, ಜೊತೆಗೊಂದು ಬಿಳಿ ಚಿಂದಿ ಹಾಕಿ ಒಗೆದು, ಒದ್ದೆ ಮುದ್ದೆ ಮಾಡಿ ಇಡದೆ ತಕ್ಷಣ ಹರವಿ. ಬ್ಲೀಚ್ ಬೇಡವೇ ಬೇಡ. ಮಾಳಿಗೆಯ ಮೇಲೆ ಒಣಹಾಕುವಾಗ ಅಸ್ತರ ಮೇಲಿರಲಿ. ಚಿತ್ರ ಮೇಲಾಗಿ ಒಣಗಿಸಿದ ಒಂದರಲ್ಲಿ ನೀಲಿ ಬೂದುಬಣ್ಣವಾಗಿದೆ.

ಮೂರು ವರ್ಷಕ್ಕೆ ಎಲ್ಲಕ್ಕಿಂತ ಮೊದಲು ಸವೆದದ್ದು ಸುತ್ತಿನ ಗೋಟು (ಹೊರ ಅಂಚನ್ನು ಮುಚ್ಚುವ ಪಟ್ಟಿ), ಅದೂ ತಲೆಯ ಕಡೆ ಕೈ ಹಿಡಿಯುವಲ್ಲಿ. 2½ ಇಂಚಿನ ಪಟ್ಟಿಯನ್ನು ಎರಡು ಮಡಿಕೆ ಮಾಡಿ ಹಾಕಿದ್ದು ಉಳಿದಿದೆ, ಒಂಟಿ ಮಡಿಕೆಯದು ಹರಿದಿದೆ. 50 x 58ಕ್ಕೆ ಮೂಲೆ-ಜೋಡು ಸೇರಿ 228 ಇಂಚು ಬೇಕು. ಪನ್ನಾ ಉದ್ದಕ್ಕೆ ಆರು ಪಟ್ಟಿ, ಅರ್ಧ ಮೀಟರ್ ಬಟ್ಟೆ. ಅದೇ ಬಟ್ಟೆಯಲ್ಲಿ ಇನ್ನರ್ಧ ಮೀಟರ್ ಎತ್ತಿಟ್ಟುಕೊಂಡರೆ ಗೋಟು ಬದಲಿಸುವ ದಿನ ಬಣ್ಣ ಹುಡುಕುವುದು ತಪ್ಪುತ್ತದೆ.